ಮೇನ್ ಬೋರ್ಡ್ ಹೋಗಿದೆ 14,500 ಅಂದ್ರು, ಲ್ಯಾಮಿಂಗ್ಟನ್ ರೋಡಲ್ಲಿ 1,200ಕ್ಕೆ ಎಚ್‌ಡಿಎಂಐ ಸರಿ ಆಯ್ತು

ಮೊದಲೇ ಹೇಳ್ಬಿಡ್ತೀನಿ, ಇದು ಮುಂಬೈಯ ಲ್ಯಾಮಿಂಗ್ಟನ್ ರೋಡ್ ಹತ್ರದ ಒಂದು ಗಲ್ಲೀಲಿ ಹಳೇ ಬಿಲ್ಡಿಂಗಿನ ಮೊದಲನೇ ಮಾಳಿಗೇಲಿ ಕೂತು ಟೀವಿ ರಿಪೇರಿ ಮಾಡೋ ನಮ್ಮ ಕಡೆಯವರೊಬ್ಬರ ಸರ್ವೀಸ್ ಬಗ್ಗೆ ರಿವ್ಯೂ. ಹೊರಗಡೆ ಅಂಗಡಿ ಹೆಸರೂ ಬರೆದಿಲ್ಲ. ಹೆಸರು, ನಂಬರ್ ಎಲ್ಲೂ ಹಾಕ್ಬೇಡಿ ಅಂತ ಅವರೇ ಕೇಳ್ಕೊಂಡ್ರು, ಒಬ್ಬರೇ ಕೆಲಸ ಮಾಡೋದು, ಈಗ ಬರ್ತಿರೋ ಕೆಲಸಾನೇ ಮುಗಿಸೋಕಾಗ್ತಿಲ್ಲ ಅಂತ. ಮತ್ತೆ ರಿವ್ಯೂ ಯಾಕೆ ಅಂದ್ರೆ, ಅವರು ನಮ್ಮ ಟೀವೀನ ಹೇಗೆ ನೋಡಿದ್ರು, ಯಾವ್ಯಾವ ಟೆಸ್ಟ್ ಮಾಡಿದ್ರು ಅನ್ನೋದು ಗೊತ್ತಿದ್ರೆ ನಿಮ್ಮನೆಗೆ ಬಂದವರು ಸರಿಯಾಗಿ ನೋಡ್ತಿದ್ದಾರಾ ಇಲ್ವಾ ಅಂತ ನಿಮಗೇ ತಿಳಿಯುತ್ತೆ. ನನಗೆ ಅದು ಗೊತ್ತಿಲ್ದೆ ಹದಿನಾಲ್ಕು ಸಾವಿರ ಕೊಡೋಕೆ ಹೊರಟಿದ್ದೆ.

ನಾವಿರೋದು ಡೊಂಬಿವಲಿ ಈಸ್ಟಲ್ಲಿ, ಹಾಸನದಿಂದ ಬಂದು ಹನ್ನೊಂದು ವರ್ಷ ಆಯ್ತು. ಟೀವಿ 43 ಇಂಚಿಂದು, ಫೋರ್‌ಕೆ, ನಾಲ್ಕು ವರ್ಷದ ಹಿಂದೆ ದೀಪಾವಳೀಲಿ 31 ಸಾವಿರಕ್ಕೆ ತಗೊಂಡಿದ್ದು, ಗೋಡೆಗೆ ಹಾಕಿಸಿದೀವಿ. ಹಿಂದೆ ಮೂರು ಎಚ್‌ಡಿಎಂಐ ಪೋರ್ಟ್ (ಚಿತ್ರ, ಸೌಂಡ್ ಎರಡನ್ನೂ ತರೋ ವೈರ್ ಚುಚ್ಚೋ ಕಿಂಡಿ) ಇದೆ, ಒಂದಕ್ಕೆ ಕೇಬಲ್‌ನವರ ಸೆಟ್ ಟಾಪ್ ಬಾಕ್ಸ್, ಎರಡಕ್ಕೆ ಸೌಂಡ್ ಬಾರ್, ಮೂರಕ್ಕೆ ಇಂಟರ್ನೆಟ್ಟಿಂದ ಸಿನಿಮಾ ನೋಡೋ ಸ್ಟಿಕ್. ಅತ್ತೆಗೆ ಸಂಜೆ ಆರೂವರೆಯಿಂದ ಕನ್ನಡ ಸೀರಿಯಲ್ ಬೇಕೇ ಬೇಕು. ನಾವಿಬ್ರೂ ಮನೆ ಸೇರೋದೇ ಎಂಟು ಗಂಟೆಗೆ, ಅಕ್ಕಪಕ್ಕ ಎಲ್ಲ ಮರಾಠಿ ಗುಜರಾತಿ, ಅವರಿಗೆ ಹಿಂದೀನೂ ಅಷ್ಟಕ್ಕಷ್ಟೆ, ಹಗಲೆಲ್ಲ ಒಬ್ಬರೇ ಇರೋರಿಗೆ ಮನೆ ಭಾಷೆ ಕಿವಿಗೆ ಬೀಳೋದು ಆ ಡಬ್ಬಿಯಿಂದಾನೆ. ಅದಕ್ಕೇ ಟೀವಿ ಕೆಟ್ಟಾಗ ನಾನು ಅಷ್ಟು ಒದ್ದಾಡಿದ್ದು.

ಜೂನ್ ಮೊದಲನೇ ವಾರ, ಮಳೆ ಇನ್ನೂ ಸರಿಯಾಗಿ ಹಿಡಿದಿರ್ಲಿಲ್ಲ, ಒಂದು ರಾತ್ರಿ ಗುಡುಗು ಸಿಡಿಲು ಅಂದ್ರೆ ಕಿಟಕಿ ಗಾಜೆಲ್ಲ ಅದುರೋ ಹಾಗೆ ಬಂತು. ಬೆಳಿಗ್ಗೆ ಟೀವಿ ಹಾಕಿದ್ರೆ ನೋ ಸಿಗ್ನಲ್. ನಮ್ಮೆಜಮಾನ್ರು ಲೋಕಲ್ ಟ್ರೈನ್ ಹಿಡಿಯೋ ಅರ್ಜೆಂಟಲ್ಲಿ ಹಿಂದಿದ್ದ ವೈರೆಲ್ಲ ಕಿತ್ತು ಮತ್ತೆ ಚುಚ್ಚಿ, ಸ್ಪೈಕ್ ಗಾರ್ಡಲ್ಲೂ ಅದಿದು ಬದಲಾಯಿಸಿ ಹೊರಟೋದ್ರು. ಸಂಜೆ ನೋಡಿದ್ರೆ ಇನ್ನೂ ಕೆಟ್ಟೋಗಿದೆ. ಸೆಟ್ ಟಾಪ್ ಬಾಕ್ಸ್ ಬರೋದೇ ಇಲ್ಲ, ಸ್ಟಿಕ್ ಐದು ನಿಮಿಷ ಬಂದು ಕಪ್ಪಾಗಿ ಮತ್ತೆ ಮೊದಲಿಂದ ಲೋಗೊ ಬರುತ್ತೆ, ಸೌಂಡ್ ಬಾರಲ್ಲಿ ಶಬ್ದಾನೇ ಇಲ್ಲ. ಮೂರೂ ಪೋರ್ಟ್ ಒಟ್ಟಿಗೇ ಹೋಗಿದೆ ಅಂದ್ರೆ ಯಾರಿಗಾದ್ರೂ ಅನಿಸೋದೇ ಟೀವಿ ಒಳಗಿನ ಮೇನ್ ಬೋರ್ಡೇ ಸುಟ್ಟಿದೆ ಅಂತ.

ಕಂಪನಿ ಸರ್ವೀಸ್‌ಗೆ ಫೋನ್ ಮಾಡಿದ್ವಿ. ಬಂದ ಹುಡುಗ ರಿಮೋಟಲ್ಲಿ ಸೋರ್ಸ್ ಒಂದು ಎರಡು ಮೂರು ಒತ್ತಿ ನೋಡಿದ, ಒಂದು ವೈರ್ ಕೂಡ ಬಿಚ್ಚಿ ನೋಡ್ಲಿಲ್ಲ, ಐದು ನಿಮಿಷಕ್ಕೆ ಮೇನ್ ಬೋರ್ಡ್ ಹೋಗಿದೆ ಮೇಡಂ 14,500 ಆಗುತ್ತೆ ಅಂದ. ಬೋರ್ಡಲ್ಲಿ ಏನು ಹೋಗಿದೆ ಅಂತ ಬರೆದು ಕೊಡಪ್ಪ ಅಂದೆ, ಹಾಗೆಲ್ಲ ಬರೆಯೋಕೆ ಬರಲ್ಲ, ಬೋರ್ಡ್ ಅಂತ ಮಾತ್ರ ಬರುತ್ತೆ ಅಂದ. ವಿಸಿಟ್ ಚಾರ್ಜ್ ಬೇರೆ. ನನಗೆ ಸಿಟ್ಟು ಬಂದಿದ್ದು ದುಡ್ಡಿಗಲ್ಲ, ನೋಡದೇ ಹೇಳಿದ್ದಕ್ಕೆ.

ಆ ಭಾನುವಾರ ಮಾಟುಂಗದಲ್ಲಿ ಒಂದು ಕನ್ನಡ ಕಾರ್ಯಕ್ರಮಕ್ಕೆ ಹೋಗಿದ್ವಿ, ಊಟದ ಸಾಲಲ್ಲಿ ಈ ವಿಷಯ ಬಂದಾಗ ಪಕ್ಕದಲ್ಲಿದ್ದ ಆಂಟಿ ಒಬ್ಬರು ಈ ರಿಪೇರಿಯವರ ನಂಬರ್ ಕೊಟ್ರು. ಕಾರ್ಕಳದ ಕಡೆಯವರು, ಚಿಕ್ಕ ಹುಡುಗನಾಗಿದ್ದಾಗ ಮುಂಬೈಗೆ ಬಂದು ಹಗಲು ಹೋಟೆಲಲ್ಲಿ ಕೆಲಸ ಮಾಡಿ ಕನ್ನಡ ನೈಟ್ ಸ್ಕೂಲಲ್ಲಿ ಓದಿದವರು, ಆಮೇಲೆ ಲ್ಯಾಮಿಂಗ್ಟನ್ ರೋಡಲ್ಲಿ ರೇಡಿಯೋ ಟೇಪ್ ರಿಪೇರಿ ಕಲಿತು ಅಲ್ಲೇ ನಿಂತವರು. ಈಗ ವಯಸ್ಸು ಅರವತ್ತರ ಹತ್ರ ಇರ್ಬಹುದು. ನಾನು ಫೋನಲ್ಲಿ ಎಚ್‌ಡಿಎಂಐ ಹೋಗಿದೆ ಅಣ್ಣ ಅಂದ ತಕ್ಷಣ ಅವರು ಕೇಳಿದ ಮೊದಲನೇ ಮಾತು, "ಹೋದದ್ದು ಬಿಡಿ, ಸ್ಕ್ರೀನಿನ ಮೇಲೆ ಎಂತ ಕಾಣ್ತದೆ, ಓದಿ ಹೇಳಿ ನೋಡುವ."

ಇದು ಅಷ್ಟು ಮುಖ್ಯ ಅಂತ ನನಗೆ ಗೊತ್ತಿರ್ಲಿಲ್ಲ. ನೋ ಸಿಗ್ನಲ್ ಅಂತ ಬಂದ್ರೆ ಆ ಪೋರ್ಟಿಗೆ ಚಿತ್ರದ ಸಿಗ್ನಲ್ಲೇ ಸೇರ್ತಿಲ್ಲ ಅಂತ, ಅಂದ್ರೆ ಸೋರ್ಸ್ ತಪ್ಪಿದೆ, ಅಥವಾ ಬಾಕ್ಸ್ ಆನ್ ಆಗಿಲ್ಲ, ವೈರ್ ಸಡಿಲ, ಇಲ್ಲ ಪೋರ್ಟ್ ಹೋಗಿದೆ. ಏನೂ ಬರೆಯದೆ ಬರೀ ಕಪ್ಪಾಗಿ ಸೌಂಡ್ ಮಾತ್ರ ಬರ್ತಿದ್ರೆ ಸಂಪರ್ಕ ಇದೆ ಅಂತ ಆಯ್ತು, ಆಗ ರೆಸಲ್ಯೂಷನ್ನು, ಸೆಟ್ಟಿಂಗು, ಇಲ್ಲಾಂದ್ರೆ ಸ್ಕ್ರೀನಿಗೆ ಹಿಂದಿಂದ ಬೆಳಕು ಕೊಡೋ ಟೀವಿಯ ಬ್ಯಾಕ್‌ಲೈಟೇ ಹೋಗಿರೋದು. ಬ್ಯಾಕ್‌ಲೈಟ್ ಹೋಗಿದ್ರೆ ಕತ್ತಲಲ್ಲಿ ಸ್ಕ್ರೀನಿಗೆ ಟಾರ್ಚ್ ಬಿಟ್ಟು ನೋಡಿ, ಮಸುಕಾಗಿ ಚಿತ್ರ ಓಡಾಡೋದು ಕಾಣುತ್ತಂತೆ, ಅದಕ್ಕೂ ಎಚ್‌ಡಿಎಂಐಗೂ ಸಂಬಂಧಾನೇ ಇಲ್ಲ. ಚಿತ್ರದ ಮೇಲೆ ಬಿಳಿ ಚುಕ್ಕೆ ಮಿಣಮಿಣ ಅಂತ ಬಂದ್ರೆ, ಆಗಾಗ ಒಂದು ಸೆಕೆಂಡ್ ಹೋಗಿ ಬಂದ್ರೆ ಮೊದಲು ವೈರ್ ಮೇಲೆ ಅನುಮಾನ ಪಡಬೇಕು. ಈ ಕಂಟೆಂಟ್ ತೋರಿಸೋಕಾಗಲ್ಲ ಅನ್ನೋ ತರ ಮೆಸೇಜ್ ಬಂದ್ರೆ ಅದು ಎಚ್‌ಡಿಸಿಪಿ ಅನ್ನೋ ಕಾಪಿ ತಡೆಯೋ ಬೀಗದ ತಕರಾರು, ಮಧ್ಯದಲ್ಲಿ ಒಂದು ಸಿಗ್ನಲ್ಲನ್ನ ಎರಡು ಕಡೆ ಹಂಚೋ ಹಳೇ ಸ್ಪ್ಲಿಟರ್ ಇದ್ರೆ ಫೋರ್‌ಕೆ ಸಿನಿಮಾಕ್ಕೆ ಬೇಕಾದ 2.2 ವರ್ಷನ್ ಅದರಲ್ಲಿ ಇರಲ್ಲ.

ಆಮೇಲೆ ಫೋನಲ್ಲೇ ಒಂದು ಕೆಲಸ ಮಾಡಿಸಿದ್ರು. ಟೀವಿ, ಬಾಕ್ಸ್, ಸೌಂಡ್ ಬಾರ್, ಸ್ಟಿಕ್ ನಾಲ್ಕನ್ನೂ ಗೋಡೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು, ಎಚ್‌ಡಿಎಂಐ ವೈರೆಲ್ಲ ಎರಡೂ ತುದಿ ಬಿಚ್ಚಿ ಐದು ನಿಮಿಷ ಬಿಡಿ ಅಂದ್ರು. "ರಿಮೋಟಿನಲ್ಲಿ ಆಫ್ ಮಾಡಿದ್ರೆ ಟೀವಿ ಮಲಗುದಿಲ್ಲ ಮಾರಾಯ್ರೆ, ಬರೀ ಕಣ್ಣು ಮುಚ್ಚಿ ಕೂತದ್ದು ಅಷ್ಟೆ, ತಲೆಯಲ್ಲಿ ಹಳೆಯದೆಲ್ಲ ಹಾಗೇ ಉಂಟು." ಆಮೇಲೆ ವೈರ್ ಹಾಕಿ ಮೊದಲು ಟೀವಿ, ಅದಾದ್ಮೇಲೆ ಒಂದೊಂದೇ ಡಬ್ಬಿ ಆನ್ ಮಾಡಿದ್ವಿ. ಸುಮಾರು ಮನೆಗಳಲ್ಲಿ ಇಷ್ಟಕ್ಕೇ ಸರಿ ಹೋಗುತ್ತಂತೆ. ನಮಗೆ ಹೋಗ್ಲಿಲ್ಲ. ಅವರ ಮನೆ ಕಲ್ಯಾಣ್ ಕಡೆ ಆದ್ರಿಂದ ಮಾರನೇ ದಿನ ಸಂಜೆ ಅಂಗಡಿ ಮುಗಿಸ್ಕೊಂಡು ದಾರೀಲಿ ಇಳಿದು ನಮ್ಮನೆಗೆ ಬಂದ್ರು, ವಿಸಿಟ್‌ಗೆ 300.

ಬಂದವರು ಟೀವಿ ಬಿಚ್ಚೋಕೆ ಹೋಗ್ಲಿಲ್ಲ. ಅತ್ತೆ ಹತ್ರ ನೀರು ಕೇಳಿ ಕುಡಿದು, ಮೊಬೈಲ್ ಟಾರ್ಚ್ ಹಾಕಿ ಹಿಂದಿನ ವೈರೆಲ್ಲ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಹತ್ತು ನಿಮಿಷ ನೋಡಿದ್ರು. ಅಲ್ಲೇ ಎರಡು ಕಾಯಿಲೆ ಸಿಕ್ತು. ಸೌಂಡ್ ಬಾರ್ ವೈರ್ ಈಗ ಮೂರನೇ ಪೋರ್ಟಲ್ಲಿ ಇದೆ, ಆದ್ರೆ ಎಆರ್‌ಸಿ ಅಂತ ಬರೆದಿರೋದು ಎರಡನೇ ಪೋರ್ಟಿಗೆ ಮಾತ್ರ. ಟೀವಿಯ ಶಬ್ದ ವಾಪಸ್ ಹೊರಗೆ ಹೋಗೋ ದಾರಿ ಆ ಒಂದು ಪೋರ್ಟಿಗೇ ಇರೋದು, ಬೇರೆ ಯಾವುದಕ್ಕೆ ಹಾಕಿದ್ರೂ ಸೌಂಡ್ ಬಾರ್ ಮೂಗ. ಸರಿ ಮಾಡಿ, ಸೆಟ್ಟಿಂಗಲ್ಲಿ ಸಿಇಸಿ (ಟೀವಿ, ಡಬ್ಬಿಗಳು ಒಂದನ್ನೊಂದು ಕಂಟ್ರೋಲ್ ಮಾಡೋ ವ್ಯವಸ್ಥೆ) ಆನ್ ಮಾಡಿದ್ರು. ಇದಕ್ಕೆ ಒಂದೊಂದು ಕಂಪನೀದು ಒಂದೊಂದು ಹೆಸರು, ಸ್ಯಾಮ್‌ಸಂಗಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಲಿ ಸಿಂಪ್‌ಲಿಂಕ್, ಸೋನೀಲಿ ಬ್ರಾವಿಯಾ ಸಿಂಕ್, ಹುಡುಕೋವಾಗ ಸಿಇಸಿ ಅಂತ ಹುಡುಕಿದ್ರೆ ಸಿಗದೇ ಇರ್ಬಹುದು.

ಸ್ಟಿಕ್ ವಿಷ್ಯ ಇನ್ನೊಂದು. ಅದರ ಕರೆಂಟ್ ವೈರ್ ಮೊದಲು ಅದರದ್ದೇ ಅಡಾಪ್ಟರಲ್ಲಿ ಸ್ಪೈಕ್ ಗಾರ್ಡಿಗೆ ಇತ್ತು, ಅವತ್ತು ಬೆಳಿಗ್ಗೆ ಗಡಿಬಿಡೀಲಿ ಅದನ್ನ ಟೀವಿಯ ಯುಎಸ್‌ಬಿಗೆ ಚುಚ್ಚಿಬಿಟ್ಟಿದ್ದಾರೆ. ಟೀವಿಯ ಸಾಮಾನ್ಯ ಯುಎಸ್‌ಬಿ ಪೋರ್ಟು ಪೆನ್ ಡ್ರೈವಿಗೆ ಅಂತ ಇರೋದು, ಯುಎಸ್‌ಬಿ 2.0 ಲೆಕ್ಕದಲ್ಲಿ ಅರ್ಧ ಆಂಪಿಯರ್, ಸ್ಟಿಕ್‌ಗೆ ಅದು ಸಾಲಲ್ಲ, ಮೆನು ಬರುತ್ತೆ, ಸಿನಿಮಾ ಶುರು ಮಾಡಿದ ಮೇಲೆ ಹಸಿವಾಗಿ ಬಿದ್ದೋಗುತ್ತೆ, ಮತ್ತೆ ಲೋಗೊ. ಅಡಾಪ್ಟರ್‌ಗೆ ಹಾಕಿದ್ವಿ, ಒಂದು ಗಂಟೆ ಓಡಿಸಿದ್ವಿ, ಒಂದು ಸಲಾನೂ ಹೋಗ್ಲಿಲ್ಲ. ಎರಡು ತೊಂದ್ರೆಗೆ ಒಂದು ರೂಪಾಯಿ ಖರ್ಚಿಲ್ಲ! 14,500ರಲ್ಲಿ ಬೋರ್ಡ್ ಹಾಕಿಸಿದ್ರೂ ಇವೆರಡೂ ಹಾಗೇ ಇರ್ತಿತ್ತು ಅನ್ನೋದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.

ಉಳಿದಿದ್ದು ಸೆಟ್ ಟಾಪ್ ಬಾಕ್ಸ್. ಇಲ್ಲಿ ಅವರು ಮಾಡಿದ್ದು ನೀವೂ ಮನೇಲೇ ಮಾಡಬಹುದು, ಒಂದು ಸಲಕ್ಕೆ ಒಂದೇ ಒಂದನ್ನ ಬದಲಾಯಿಸೋದು. ಅದೇ ಬಾಕ್ಸ್ ಅದೇ ವೈರ್ ಮೂರನೇ ಪೋರ್ಟಿಗೆ ಹಾಕಿದ್ರು, ಚಿತ್ರ ಬಂತು. ಅಂದ್ರೆ ಬಾಕ್ಸೂ ಚೆನ್ನಾಗಿದೆ ವೈರೂ ಚೆನ್ನಾಗಿದೆ. ಸ್ಟಿಕ್ಕನ್ನ ಒಂದನೇ ಪೋರ್ಟಿಗೆ ಹಾಕಿದ್ರು, ನೋ ಸಿಗ್ನಲ್. ಅವರ ಬ್ಯಾಗಲ್ಲಿದ್ದ ಬೇರೆ ವೈರಲ್ಲಿ ಮತ್ತೆ ನೋಡಿದ್ರು, ನೋ ಸಿಗ್ನಲ್. ಅಲ್ಲಿಗೆ ಒಂದನೇ ಪೋರ್ಟೇ ಅಂತ ಗಟ್ಟಿ ಆಯ್ತು. ಅತ್ತೆ ಆ ಹೊತ್ತಿಗೆ ಮೂರನೇ ಪೋರ್ಟಲ್ಲಿ ಬಂದಿದ್ದ ಸೀರಿಯಲ್ ನೋಡ್ತಾ ಕೂತುಬಿಟ್ಟಿದ್ರು, ಸೀರಿಯಲ್ ಮುಗಿಯೋ ತನಕ ಇವರು ವೈರ್ ಮುಟ್ಟಲಿಲ್ಲ, ಇಪ್ಪತ್ತು ನಿಮಿಷ ಸುಮ್ನೆ ಕಾದ್ರು. ನನಗೆ ಅದು ತುಂಬ ಇಷ್ಟ ಆಯ್ತು.

ಕಾಯ್ತಾ ಇರೋವಾಗ ಎಚ್‌ಡಿಎಂಐ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಿದ್ರು. ಹಳೇ ಹಳದಿ ಕೆಂಪು ಬಿಳಿ ವೈರ್ ಇತ್ತಲ್ಲ, ಅದರಲ್ಲಿ ಮಾತುಕತೆ ಏನಿಲ್ಲ, ಡಬ್ಬಿ ಚಿತ್ರ ತಳ್ಳುತ್ತೆ, ಟೀವಿ ತೋರಿಸುತ್ತೆ. ಎಚ್‌ಡಿಎಂಐ ಹಾಗಲ್ಲ, 2002ರ ಕೊನೇಲಿ ಮೊದಲನೇ ವರ್ಷನ್ ಬಂದಾಗಿಂದ ಅದರಲ್ಲಿ 19 ಪಿನ್, ಚಿತ್ರ ಬರೋಕೆ ಮುಂಚೆ ಎರಡೂ ಕಡೆಯವರು ಮಾತಾಡ್ಕೋಬೇಕು. "ನಮ್ಮೂರಲ್ಲಿ ನೆಂಟರು ಬಂದ್ರೆ ಮೊದಲು ನೀರು ಬೆಲ್ಲ ಕೊಡುದಲ್ವಾ, ಕೂತು ಆಸರಿಗೆ ಕುಡಿದ ಮೇಲೆ ಬಂದ ಕೆಲಸದ ಮಾತು. ಇದೂ ಹಾಗೆ." ಡಬ್ಬಿ ಮೊದಲು ಒಂದು ಪಿನ್ನಲ್ಲಿ 5 ವೋಲ್ಟ್ ಕಳಿಸಿ ಬಾಗಿಲು ತಟ್ಟುತ್ತೆ. ಟೀವಿ ಹಾಟ್ ಪ್ಲಗ್ ಅನ್ನೋ ಇನ್ನೊಂದು ಪಿನ್ನಲ್ಲಿ ಹೂಂ ಇದ್ದೀನಿ ಅನ್ನುತ್ತೆ. ಆಮೇಲೆ ಡಬ್ಬಿ ನೀನು ಯಾವ ಸೈಜಿನ ಚಿತ್ರ, ಎಂಥ ಸೌಂಡ್ ತಗೋತೀಯ ಅಂತ ಟೀವಿಯ ಒಳಗೆ ಬರೆದಿಟ್ಟಿರೋ ಪಟ್ಟಿ ಓದುತ್ತೆ, ಅದಕ್ಕೆ ಇಡಿಐಡಿ ಅಂತಾರೆ. ಅದಾದ್ಮೇಲೆ ಬೀಗದ ಕೀ ಪರೀಕ್ಷೆ. ಇಷ್ಟೂ ಮುಗಿದ ಮೇಲೆ ಚಿತ್ರ. ಇದರಲ್ಲಿ ಯಾವ ಹೆಜ್ಜೆ ತಪ್ಪಿದ್ರೂ ನಮಗೆ ಚಿತ್ರ ಬರದೇ ಇರ್ಬಹುದು, ಚಿತ್ರ ಹೊತ್ತು ತರೋ ಪಿನ್‌ಗಳು ನೆಟ್ಟಗೇ ಇದ್ರೂ ಸಹ. ಅದಕ್ಕೇ ಪ್ಲಗ್ ಕಿತ್ತು ಐದು ನಿಮಿಷ ಬಿಟ್ರೆ ಎಷ್ಟೋ ಸಲ ಸರಿ ಹೋಗೋದು, ಮಾತುಕತೆ ಮೊದಲಿಂದ ಶುರುವಾಗುತ್ತೆ.

ಸೀರಿಯಲ್ ಮುಗಿದ ಮೇಲೆ ವೋಲ್ಟೇಜ್ ಅಳೆಯೋ ಮಲ್ಟಿಮೀಟರ್ ತೆಗೆದ್ರು. ಟೀವಿಯ ಎಚ್‌ಡಿಎಂಐ ಪೋರ್ಟಿನ ಹೊರಗಿನ ತಗಡಿಗೂ, ಬಾಕ್ಸಿಂದ ಬಿಚ್ಚಿದ ಕೇಬಲ್‌ನವರ ದಪ್ಪ ವೈರಿನ ತುದಿಗೂ ಮಧ್ಯೆ ಇಟ್ರು, 90 ವೋಲ್ಟ್ ಹತ್ರ ತೋರಿಸ್ತು! ನಾನು ಹೆದರಿಬಿಟ್ಟೆ. ಆ ವೈರ್ ಮುಟ್ಟಿದಾಗ ಜುಂ ಅನ್ನೋದು ನಮಗೆಲ್ಲ ಗೊತ್ತಿತ್ತು, ಹಾಗೇ ಇರುತ್ತೆ ಅಂತ ಸುಮ್ಮನಿದ್ವಿ. ಎರಡು ಪಿನ್ನಿನ ಅಡಾಪ್ಟರ್‌ಗಳ ಒಳಗಿರೋ ಒಂದು ಸಣ್ಣ ಕೆಪಾಸಿಟರ್ ಮೂಲಕ ಚೂರು ಕರೆಂಟ್ ಈಚೆ ಸೋರುತ್ತೆ, ಸಾಮಾನ್ಯವಾಗಿ ನಮ್ಮ ಜೀವಕ್ಕೆ ಅಪಾಯ ಮಾಡೋಷ್ಟು ಅಲ್ಲ, ಆದ್ರೆ ಎಲ್ಲ ಆನ್ ಇರೋವಾಗಲೇ ಎಚ್‌ಡಿಎಂಐ ಚುಚ್ಚಿದ್ರೆ ಆ ಕ್ಷಣದಲ್ಲಿ ಅದು ಪಿನ್ನಿನ ಮೇಲೆ ಹಾರಬಹುದು, ಟೀವಿ ಒಳಗಿನ ಚಿಪ್ 5 ವೋಲ್ಟ್ ಲೆಕ್ಕದ್ದು. ಇನ್ನು ಕೇಬಲ್‌ನವರ ವೈರ್ ಒಂದು ಬಿಲ್ಡಿಂಗಿನ ಟೆರೇಸಿಂದ ಇನ್ನೊಂದಕ್ಕೆ ಗಾಳೀಲಿ ಜೋತಾಡ್ಕೊಂಡು ಬರುತ್ತೆ, ನಮ್ಮ ಕಡೆ ಅದಕ್ಕೆ ಅರ್ಥಿಂಗ್ ಕೊಟ್ಟೇ ಇಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ರೆ ಆ ವೈರಲ್ಲಿ ಏರೋ ವೋಲ್ಟೇಜ್ ಸೆಟ್ ಟಾಪ್ ಬಾಕ್ಸಿಗೆ ಬಂದು, ಅಲ್ಲಿಂದ ಎಚ್‌ಡಿಎಂಐ ಹಿಡಿದು ಟೀವಿಗೆ ಇಳಿಯುತ್ತೆ. ನಮ್ಮದು ಹಾಗೇ ಆಗಿರೋದು ಅಂದ್ರು. ಸ್ವಿಚ್ ಆಫ್ ಮಾಡಿದ್ದೆ ಅಂದ್ರೆ ಪ್ರಯೋಜನ ಇಲ್ಲ, ಯಾಕಂದ್ರೆ ಇದು ಬರೋದು ಕರೆಂಟಿನ ದಾರೀಲಿ ಅಲ್ಲ. ಸ್ಪೈಕ್ ಗಾರ್ಡ್ ಕೂಡ ಆ ವೈರನ್ನ ಕಾಯಲ್ಲ. ಮುಂಬೈ ಮಳೆಗಾಲಕ್ಕೆ ಮುಂಚೆ ಈ ಒಂದು ಮಾತು ಎಲ್ಲರ ಮನೆಗೂ ಗೊತ್ತಿರಬೇಕು ಅನ್ನಿಸ್ತು ನನಗೆ.

ಎಜಮಾನ್ರ ಸಹಾಯ ತಗೊಂಡು ಟೀವೀನ ಗೋಡೆಯಿಂದ ಇಳಿಸಿ ಮಂಚದ ಮೇಲೆ ಮಕ್ಕಾಡೆ ಮಲಗಿಸಿ, ಹಿಂದಿನ ಕವರ್ ತೆಗೆದು ಬೋರ್ಡ್ ಮಾತ್ರ ಬಿಚ್ಚಿ ಬಬಲ್ ಶೀಟಲ್ಲಿ ಸುತ್ತಿ ತಗೊಂಡೋದ್ರು. ಯಾವ ಸ್ಕ್ರೂ ಎಲ್ಲಿಂದು ಅಂತ ನನ್ನ ಮೊಬೈಲಲ್ಲೇ ಫೋಟೊ ತೆಗೆಸಿದ್ರು. ಬೋರ್ಡ್ ರೆಡಿ ಆದಾಗ ನಾನೇ ತರೋಕೆ ಹೋದೆ, ಡೊಂಬಿವಲಿಯಿಂದ ದಾದರ್ ತನಕ ಫಾಸ್ಟ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸಿ ಗ್ರಾಂಟ್ ರೋಡ್, ಸ್ಟೇಷನ್ನಿಂದ ಈಸ್ಟಿಗೆ ಇಳಿದ್ರೆ ನಡೆಯೋ ದೂರ. ರಸ್ತೆಯ ಈಗಿನ ಹೆಸರು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ್, ಆದ್ರೆ ಯಾರನ್ನ ಕೇಳಿದ್ರೂ ಲ್ಯಾಮಿಂಗ್ಟನ್ ರೋಡ್ ಅಂದ್ರೇನೇ ದಾರಿ ಹೇಳೋದು.

ಅವರ ಟೇಬಲ್ ಮುಂದೆ ಕೂರಿಸಿ ತೋರಿಸಿದ್ರು. ಪ್ರತಿ ಎಚ್‌ಡಿಎಂಐ ಪೋರ್ಟಿನ ಹಿಂದೆ ಅಕ್ಕಿ ಕಾಳಿಗಿಂತ ಚಿಕ್ಕ ಚಿಪ್ ಇದೆ, ಇಂಥ ಹೊಡೆತ ಬಂದಾಗ ತಾನು ತಗೊಂಡು ದೊಡ್ಡ ಚಿಪ್ಪನ್ನ ಉಳಿಸೋ ಕೆಲಸ ಅದರದ್ದು. ನಮ್ಮ ಒಂದನೇ ಪೋರ್ಟಿಂದು ಶಾರ್ಟ್ ಆಗಿತ್ತು, ಆ ಪಟ್ಟಿ ಓದೋ ಲೈನ್ ನೇರ ನೆಲ ಕಚ್ಚಿತ್ತು, ಅದಕ್ಕೇ ಡಬ್ಬಿ ಎಷ್ಟು ಕೇಳಿದ್ರೂ ಉತ್ತರ ಇಲ್ಲ. ಚೆನ್ನಾಗಿರೋ ಮೂರನೇ ಪೋರ್ಟಿನ ಪಿನ್ನಿಗೂ ಇದಕ್ಕೂ ಮೀಟರ್ ಹಿಡಿದು ಎರಡೂ ರೀಡಿಂಗ್ ತೋರಿಸಿದ್ರು, ಒಂದೂ ತಿಳಿಯದ ನನಗೂ ವ್ಯತ್ಯಾಸ ಕಾಣ್ತು. ಆ ಚಿಪ್ ತೆಗೆದು ಬೇರೆ ಹಾಕಿ, ಪೋರ್ಟ್ ಹತ್ರ ಹಸಿರು ಕಟ್ಟಿದ್ದನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿದ್ರು. ನಮ್ಮ ಕಡೆಯ ತೇವಕ್ಕೆ ಹಾಗಾಗುತ್ತಂತೆ, ಬಾಯಲ್ಲಿ ಊದಿ ಕ್ಲೀನ್ ಮಾಡ್ಬೇಡಿ, ಉಗುಳಿನ ಪಸೆ ಹೋಗಿ ಇನ್ನೂ ಕೆಡುತ್ತೆ ಅಂದ್ರು. ಒಟ್ಟು 1,200. ತೆಗೆದ ಚಿಪ್ಪನ್ನ ಟೇಪಿಗೆ ಅಂಟಿಸಿ ಕೈಗೆ ಕೊಟ್ರು, ಇನ್ನೂ ನನ್ನ ಪರ್ಸಲ್ಲಿದೆ.

ಎಲ್ಲ ಸಲಾನೂ ಹೀಗೆ ಆಗಲ್ಲ ಅಂತಾನೂ ಅವರೇ ಹೇಳಿದ್ರು. ಹೊಡೆತ ದೊಡ್ಡ ಚಿಪ್ಪಿಗೇ ಹೋಗಿದ್ರೆ ಬೋರ್ಡೇ ಹಾಕಬೇಕು, ಆಗ ಮಾತ್ರ ಆ ದುಡ್ಡಿಗೆ ಅರ್ಥ ಇದೆ. ಒಂದೇ ಪೋರ್ಟ್ ಹೋಗಿ ಉಳಿದೆರಡು ಚೆನ್ನಾಗಿದ್ರೆ, ರಿಪೇರೀನೇ ಮಾಡಿಸದೆ ಸ್ಟಿಕ್ ಬದಿಗಿಟ್ಟು ಬಾಕ್ಸನ್ನ ಸ್ಟಿಕ್ ಇದ್ದ ಪೋರ್ಟಿಗೆ ಹಾಕ್ಕೊಳ್ಳಿ ಅಂತಾನೂ ಮೊದಲೇ ಹೇಳಿದ್ರು. ತನ್ನ ಕೆಲಸ ತಪ್ಪಿ ಹೋದ್ರೂ ಪರವಾಗಿಲ್ಲ ಅಂತ ಇಷ್ಟು ಬಿಚ್ಚಿ ಹೇಳೋರು ನನಗೆ ಈ ಊರಲ್ಲಿ ಸಿಕ್ಕಿದ್ದು ಇದೇ ಮೊದಲು.

ಅಲ್ಲಿ ತನಕ ಹೋಗಿದ್ದಕ್ಕೆ ಹೊಸ ಕೇಬಲ್ ತಗೊಳೋಣ ಅಂತ ಕೆಳಗಿನ ಅಂಗಡೀಲಿ 48 ಜಿಬಿಪಿಎಸ್ (ಒಂದು ಸೆಕೆಂಡಿಗೆ ಎಷ್ಟು ಡೇಟಾ ಸಾಗುತ್ತೆ ಅನ್ನೋ ಲೆಕ್ಕ) ಅಂತ ಬರೆದಿದ್ದ ದುಬಾರಿದನ್ನ ಹಿಡ್ಕೊಂಡಿದ್ದೆ. ಬೇಡ ಅಂದ್ರು. ಅದು 2.1 ವರ್ಷನ್ನಿನ ಎಚ್‌ಡಿಎಂಐಗೆ, ಹೊಸ ಗೇಮ್ ಆಡೋ ಮೆಷಿನ್ನಿಗೆ ಬೇಕಾದೀತು. ನಮ್ಮ ಟೀವಿ 2.0, ಅದಕ್ಕೆ 18 ಜಿಬಿಪಿಎಸ್ ಸಾಕು, ಪ್ರೀಮಿಯಂ ಹೈ ಸ್ಪೀಡ್ ಅಂತ ಸ್ಕ್ಯಾನ್ ಮಾಡೋ ಲೇಬಲ್ ಇರೋದು ನೋಡಿ ತಗೊಳ್ಳಿ, ಉದ್ದ ಎರಡು ಮೀಟರ್ ಮೀರಬೇಡಿ. ಬರೀ ಸೆಟ್ ಟಾಪ್ ಬಾಕ್ಸಿಗಾದ್ರೆ ಮನೇಲಿರೋ ಹಳೇ ವೈರೇ ಧಾರಾಳ. ಚಿನ್ನದ ಬಣ್ಣದ ತುದಿ ಇದೆ ಅಂತ ಚಿತ್ರ ಹೆಚ್ಚು ಚೆನ್ನಾಗೇನೂ ಬರಲ್ಲ, ಡಿಜಿಟಲ್ ಸಿಗ್ನಲ್ ಸರಿಯಾಗಿ ಬಂತೂಂದ್ರೆ ಅಗ್ಗದ ವೈರಲ್ಲೂ ಅದೇ ಚಿತ್ರ.

ಇನ್ನೊಂದು ಸೆಟ್ಟಿಂಗ್. ಫೋರ್‌ಕೆ ಸ್ಟಿಕ್ ಹಾಕಿದಾಗ ಬಣ್ಣ ಪೂರ್ತಿ ಬರಬೇಕು ಅಂದ್ರೆ ಆ ಪೋರ್ಟಿಗೆ ಟೀವೀಲಿ ಒಂದು ಆಪ್ಷನ್ ಆನ್ ಮಾಡಬೇಕಾಗುತ್ತೆ, ಸ್ಯಾಮ್‌ಸಂಗಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಸೋನೀಲಿ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್. ಆದ್ರೆ ಅದೇ ಆನ್ ಇದ್ದಾಗ ಕೆಲವು ಹಳೇ ಬಾಕ್ಸ್‌ಗಳು ಚಿತ್ರ ಕೊಡಲ್ಲ, ಆಗ ಆಫ್ ಮಾಡಿ ನೋಡಿ.

ಇಷ್ಟೆಲ್ಲ ಹೊಗಳಿದ್ರೂ ಪೂರ್ತಿ ಐದು ಸ್ಟಾರ್ ಕೊಡಲ್ಲ, ನಾಲ್ಕು. ನಾಲ್ಕು ದಿನ ಅಂದವರು ಒಂಬತ್ತು ದಿನ ತಗೊಂಡ್ರು, ಟೀವಿ ಅಷ್ಟೂ ದಿನ ಮಂಚದ ಮೇಲೆ, ನಾವು ನೆಲದ ಮೇಲೆ ಮಲಗಿದ್ವಿ. ಅತ್ತೆ ಮೊಬೈಲಲ್ಲಿ ಸೀರಿಯಲ್ ನೋಡಿ ನೋಡಿ ಕಣ್ಣು ಉರಿ ಅಂತಿದ್ರು. ಫೋನ್ ಎತ್ತೋದು ಹತ್ತಕ್ಕೆ ಮೂರು ಸಲ. ಬಿಲ್ ಕೈಲಿ ಬರೆದದ್ದು, ಗ್ಯಾರಂಟಿ ಬಾಯಿಮಾತಿನ ಒಂದು ತಿಂಗಳು. ವಯಸ್ಸಾದವರಿಗೆ ಆ ಕತ್ತಲೆ ಮೆಟ್ಟಿಲು ಹತ್ತೋದು ಕಷ್ಟ.

ಬೋರ್ಡ್ ಕೂರಿಸೋಕೆ ಅವರೇ ಬಂದಿದ್ರು, ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ. ಕೇಬಲ್ ವೈರಿಗೂ ಬಾಕ್ಸಿಗೂ ಮಧ್ಯೆ ಸೋರೋ ಕರೆಂಟ್ ತಡೆಯೋ ಒಂದು ಸಣ್ಣ ಐಸೊಲೇಟರ್ ಹಾಕಿಕೊಟ್ಟರು, ಈಗ ಮುಟ್ಟಿದ್ರೆ ಜುಂ ಅನ್ನಲ್ಲ. ಸಿಡಿಲಿಗೆ ಮಾತ್ರ ಅದನ್ನ ನಂಬ್ಕೋಬೇಡಿ, ಗುಡುಗು ಶುರುವಾಗೋ ಮುಂಚೇನೇ ಪ್ಲಗ್ಗೂ ಕಿತ್ತಿಡಿ ಆ ದಪ್ಪ ವೈರನ್ನೂ ಬಾಕ್ಸಿಂದ ತಿರುಗಿಸಿ ಬಿಚ್ಚಿಡಿ ಅಂತ ಅತ್ತೆಗೇ ಹೇಳಿಕೊಟ್ಟು, ಎರಡು ಸಲ ಅವರ ಕೈಯಲ್ಲೇ ಮಾಡಿಸಿದ್ರು. ಆಗಸ್ಟ್ ಕೊನೆ ಬಂತು, ಮೂರೂ ಪೋರ್ಟ್ ಸರಿ ಇದೆ. ಮೋಡ ಕಪ್ಪಾದ್ರೆ ಅತ್ತೆ ಬಟ್ಟೆ ತೆಗೆಯೋಕೆ ಹೋಗೋ ಮುಂಚೆ ಟೀವಿ ಹಿಂದೆ ಕೈ ಹಾಕ್ತಾರೆ.

ಆ ಗಲ್ಲಿ ಹುಡುಕ್ಕೊಂಡು ಹೋಗೋರು ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಭಾನುವಾರ ಬಂದ್. ಹೋಗೋ ಮುಂಚೆ ಟೀವಿ ಹಿಂದಿನ ಮಾಡೆಲ್ ಸ್ಟಿಕ್ಕರ್ ಫೋಟೊ, ವೈರೆಲ್ಲ ಹಾಕಿದ್ದ ಹಾಗೇ ಪೋರ್ಟ್‌ಗಳ ಫೋಟೊ, ಸ್ಕ್ರೀನ್ ಮೇಲೆ ಏನು ಬರುತ್ತೆ ಅನ್ನೋದರ ಫೋಟೊ, ಮೂರೂ ತೆಗೆದಿಟ್ಕೊಳ್ಳಿ, ಅವರು ಕೇಳೋದು ಅದನ್ನೇ.